ಅಂಗುಳಿಗೊಂದು ಆಸರೆ: ಮೂಗಿಗೆ ಸೋರುವ ಮಾತನ್ನು ತಡೆದವರ ಕಥೆ

ನಾನು ಪತ್ರಿಕೆಗೆ ವರದಿ ಕಳಿಸಲು ಶುರುಮಾಡಿ ಎರಡನೇ ವರ್ಷ. ತಾಲೂಕು ಕಚೇರಿ ಆವರಣದಲ್ಲಿ ಶಾಮಿಯಾನ ಹಾಕಿ ಜನಸಂಪರ್ಕ ಸಭೆ ನಡೆದಿತ್ತು. ಐವತ್ತರ ಆಸುಪಾಸಿನ ಒಬ್ಬರು ಎದ್ದು ನಿಂತು ಮೈಕ್ ಹಿಡಿದರು. ಏನೋ ಹೇಳಿದರು. ಮಾತೆಲ್ಲ ಮೂಗಿನಿಂದ ಬಂತು. ಹಿಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು. ವೇದಿಕೆಯ ಮೇಲಿದ್ದವರು "ಅರ್ಜಿ ಕೊಟ್ಟು ಹೋಗ್ರಿ" ಅಂದರು. ಅವರು ಮತ್ತೆ ಅದನ್ನೇ ಜೋರಾಗಿ ಹೇಳಿದರು. ಜೋರಾದಷ್ಟೂ ಮಾತು ಇನ್ನಷ್ಟು ಮೂಗಿಗೇರಿತು. ನನ್ನ ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಂಡದ್ದು ಇಷ್ಟೇ: "ಮಾವಿ ಮತ್ತೈತ್ರಿ. ಅರ್ಥ ಆಗಲಿಲ್ಲ."

ಮರುದಿನದ ವರದಿಯಲ್ಲಿ ಆರು ಜನರ ಅಹವಾಲು ಹೆಸರು ಸಮೇತ ಬಂತು. ಇವರದು "ಇತರರೂ ಮಾತನಾಡಿದರು" ಎಂಬ ಸಾಲಿನೊಳಗೆ ಹೋಯಿತು. ಅವರು ಹೇಳಿದ್ದು "ಬಾವಿ ಬತ್ತೈತ್ರಿ" ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಅದು ಹೊಳೆದದ್ದು ಸಭೆಯಲ್ಲಲ್ಲ, ಅಮೆರಿಕದ ಒಬ್ಬ ಅಧ್ಯಕ್ಷನ ಬಾಯಿಯ ಕಥೆ ಓದುವಾಗ. ಈ ಬರಹ ಆ ಓದಿನಿಂದ ಹುಟ್ಟಿದ್ದು. ಬಾಯಿಯೊಳಗೆ ಇಟ್ಟುಕೊಳ್ಳುವ ಒಂದು ಪುಟ್ಟ ಸಾಧನದ ನಾನೂರೈವತ್ತು ವರ್ಷಗಳ ಇತಿಹಾಸ ಇದರಲ್ಲಿದೆ.

ಬ ಯಾಕೆ ಮ ಆಗುತ್ತದೆ?

ಮೊದಲು ಬಾಯಿಯೊಳಗಿನ ವ್ಯವಸ್ಥೆ ನೋಡೋಣ. ನಾಲಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಟ್ಟು ಹಾಗೇ ಹಿಂದಕ್ಕೆ ಸರಿಸಿ. ಮೊದಲು ಸಿಗುವುದು ಗಟ್ಟಿ ಅಂಗುಳು, ಅದರೊಳಗೆ ಮೂಳೆ ಇದೆ. ಅದನ್ನು ದಾಟಿದರೆ ಮೆತ್ತಗಿನ ಭಾಗ. ಅದೇ ಮೃದು ಅಂಗುಳು, ಪೂರಾ ಸ್ನಾಯು. ಅದರ ತುದಿಯಲ್ಲಿ ಕಿರುನಾಲಗೆ ನೇತಾಡುತ್ತದೆ. ಉಸಿರಾಡುವಾಗ ಇದು ಕೆಳಗೆ ಜೋತಿರುತ್ತದೆ, ಗಾಳಿ ಮೂಗಿನಿಂದ ಸಲೀಸಾಗಿ ಓಡಾಡುತ್ತದೆ. ನುಂಗುವಾಗ ಮತ್ತು ಮಾತಾಡುವಾಗ ಇದು ಮೇಲಕ್ಕೂ ಹಿಂದಕ್ಕೂ ಎದ್ದು ಗಂಟಲಿನ ಹಿಂಗೋಡೆಯನ್ನು ಮುಟ್ಟುತ್ತದೆ. ಗಂಟಲಿನ ಪಕ್ಕದ ಗೋಡೆಗಳೂ ಒಳಸರಿದು ಸಹಾಯ ಮಾಡುತ್ತವೆ. ಮೂಗಿನ ದಾರಿ ಮುಚ್ಚುತ್ತದೆ. ಇದು ಮಾತಿನ ಬಾಗಿಲು.

ಈ ಬಾಗಿಲ ಲೆಕ್ಕವನ್ನು ನಾವು ಒಂದನೇ ಇಯತ್ತೆಯಲ್ಲೇ ಬಾಯಿಪಾಠ ಮಾಡಿದ್ದೇವೆ. ವರ್ಗೀಯ ವ್ಯಂಜನಗಳ ಪ್ರತಿ ಸಾಲಿನಲ್ಲಿ ಐದು ಅಕ್ಷರ. ಮೊದಲ ನಾಲ್ಕಕ್ಕೆ ಬಾಗಿಲು ಮುಚ್ಚಬೇಕು. ಕೊನೆಯದು ಅನುನಾಸಿಕ, ಅದಕ್ಕೆ ಬಾಗಿಲು ತೆರೆದಿರಬೇಕು. ಪ, ಫ, ಬ, ಭ ಎನ್ನಲು ತುಟಿಗಳ ಹಿಂದೆ ಗಾಳಿ ಒತ್ತಡ ಕಟ್ಟಿಕೊಳ್ಳಬೇಕು. ಬಾಗಿಲು ಮುಚ್ಚದಿದ್ದರೆ ಆ ಗಾಳಿ ಮೂಗಿಗೆ ಸೋರುತ್ತದೆ, ತುಟಿ ಸರಿಯಾಗಿಯೇ ಮುಚ್ಚಿ ತೆರೆದರೂ ಕೇಳುವವರಿಗೆ "ಮ" ಕೇಳುತ್ತದೆ. ಹಾಗೆಯೇ ದ ಹೋಗಿ ನ ಆಗುತ್ತದೆ. ಬಾವಿ ಮಾವಿ ಆಗುವುದು, ದನ ನನ ಆಗುವುದು ಇದೇ ಕಾರಣಕ್ಕೆ. ಸ, ಶ ಎನ್ನುವಾಗ ಮೂಗಿನಿಂದ ಬುಸ್ಸೆಂದು ಗಾಳಿ ಬರುತ್ತದೆ. ಎಷ್ಟೋ ಮಂದಿ ಬೇರೆ ದಾರಿ ಕಾಣದೆ ಎಲ್ಲ ಅಕ್ಷರಗಳನ್ನೂ ಗಂಟಲಲ್ಲೇ ತಡೆದು ಹೇಳುವುದನ್ನು ರೂಢಿ ಮಾಡಿಕೊಳ್ಳುತ್ತಾರೆ.

ನಾಲಗೆಗೆ ಏನೂ ಆಗಿರುವುದಿಲ್ಲ. ಬುದ್ಧಿಗಂತೂ ಏನೂ ಆಗಿರುವುದಿಲ್ಲ. ಬಾಗಿಲು ಮುಚ್ಚದಿರಲು ಕಾರಣಗಳು ಮೂರು ಬಗೆ. ಹುಟ್ಟಿನಿಂದಲೇ ಅಂಗುಳು ಸೀಳಿರಬಹುದು. ಗಡ್ಡೆ, ಗಾಯ, ಶಸ್ತ್ರಚಿಕಿತ್ಸೆಯಿಂದ ಅಂಗುಳಿನ ಭಾಗ ಹೋಗಿರಬಹುದು. ಅಥವಾ ಅಂಗುಳು ಪೂರ್ತಿ ಇದ್ದೂ ನರದ ತೊಂದರೆಯಿಂದ ಮೇಲೇಳದೆ ಇರಬಹುದು. ಮೂರಕ್ಕೂ ಮದ್ದು ಹುಡುಕುವಾಗ ಮನುಷ್ಯನಿಗೆ ಮೊದಲು ಹೊಳೆದದ್ದು ಬಹಳ ಸರಳ ಉಪಾಯ: ತೂತಿದ್ದರೆ ಬಿರಡೆ ಹಾಕು.

ಸ್ಪಂಜು, ರೆಕ್ಕೆ, ಹಲ್ಲಿನ ಆಸರೆ

ಬಿರಡೆ ಹಾಕಿದವರಲ್ಲಿ ಹೆಸರಾದವರು 16ನೇ ಶತಮಾನದ ಫ್ರಾನ್ಸಿನ ಅಂಬ್ರ್ವಾಸ್ ಪಾರೆ. ಕ್ಷೌರಿಕ ಶಸ್ತ್ರವೈದ್ಯರಾಗಿ ಕಸುಬು ಕಲಿತು, ಯುದ್ಧಭೂಮಿಯಲ್ಲಿ ಪಳಗಿ, ನಾಲ್ವರು ರಾಜರ ಸೇವೆ ಮಾಡಿದವರು. ಆಗ ಅಂಗುಳು ತೂತಾಗಲು ದೊಡ್ಡ ಕಾರಣಗಳು ಎರಡು: ಬಂದೂಕಿನ ಗುಂಡು ಮತ್ತು ಸಿಫಿಲಿಸ್. ಪಾರೆ ಚಿನ್ನ ಅಥವಾ ಬೆಳ್ಳಿಯ ತೆಳು ತಗಡನ್ನು ಅಂಗುಳಿನ ಆಕಾರಕ್ಕೆ ಬಗ್ಗಿಸಿದರು. ಅದರ ಬೆನ್ನಿಗೆ ಒಂದು ಚೂರು ಸ್ಪಂಜು ಕಟ್ಟಿದರು. ಸ್ಪಂಜನ್ನು ತೂತಿನೊಳಗೆ ತೂರಿಸಿದರೆ ಅದು ಒದ್ದೆಯಾಗಿ ಉಬ್ಬಿ ತಗಡನ್ನು ಹಿಡಿದುಕೊಳ್ಳುತ್ತಿತ್ತು. ಇಂಥ ಸಾಧನಕ್ಕೆ ಫ್ರೆಂಚಿನಲ್ಲಿ ನಿಂತ ಹೆಸರು ಆಬ್ಟ್ಯುರೇಟರ್, ಮೂಲದ ಲ್ಯಾಟಿನ್ ಪದಕ್ಕೆ ಮುಚ್ಚುವುದು, ಬಿರಡೆ ಹಾಕುವುದು ಎಂದರ್ಥ. ಇಂದಿಗೂ ದಂತವೈದ್ಯರು ಬಳಸುವುದು ಇದೇ ಹೆಸರನ್ನು.

ಸ್ಪಂಜಿನ ಕಷ್ಟ ಊಹಿಸಬಹುದು. ಮೂಗಿನ ನೀರು, ಅನ್ನದಗುಳು ಎಲ್ಲ ಅದರಲ್ಲೇ ಸೇರಿ ನಾರುತ್ತಿತ್ತು. 1728ರಲ್ಲಿ ಪಿಯರ್ ಫೋಶಾರ್ ತಮ್ಮ ದಂತವೈದ್ಯ ಗ್ರಂಥದಲ್ಲಿ ಐದು ಬಗೆಯ ಆಬ್ಟ್ಯುರೇಟರ್‌ಗಳನ್ನು ವಿವರಿಸಿದರು. ಕೆಲವಕ್ಕೆ ಚಿಟ್ಟೆಯಂತೆ ಮಡಚುವ ರೆಕ್ಕೆಗಳಿದ್ದವು. ಮಡಚಿ ತೂತಿನ ಮೇಲಕ್ಕೆ ತೂರಿಸಿ, ಕೆಳಗಿನಿಂದ ತಿರುಪು ತಿರುಗಿಸಿದರೆ ರೆಕ್ಕೆ ಬಿಚ್ಚಿ ಮೂಗಿನ ಕಡೆಯಿಂದ ಹಿಡಿದು ನಿಲ್ಲುತ್ತಿತ್ತು. ಕೆಲಸ ನಾಜೂಕು, ಆದರೆ ತೂತಿನ ಅಂಚಿಗೆ ಸದಾ ಒತ್ತಡ. 1757ರಲ್ಲಿ ಫ್ರಾನ್ಸಿನವರೇ ಆದ ಎಟಿಯೆನ್ ಬೂರ್ದೆ ಇದನ್ನು ಬಿಟ್ಟು ತಗಡನ್ನು ಹಲ್ಲುಗಳಿಗೆ ಕಟ್ಟುವ ದಾರಿ ಹಿಡಿದರು. ತೂತಿಗೆ ಬೆಣೆ ಹೊಡೆದಂತೆ ಏನನ್ನೂ ತುರುಕದಿದ್ದರೆ ಅದು ತಾನಾಗಿ ಕಿರಿದಾಗಲು ಅವಕಾಶ ಸಿಗುತ್ತದೆ ಎಂಬುದು ಅವರ ವಾದ. ಹಲ್ಲನ್ನೇ ಆಸರೆ ಮಾಡಿಕೊಳ್ಳುವ ಆ ಪದ್ಧತಿ ಇಂದಿಗೂ ಉಳಿದಿದೆ.

ಆದರೆ ಇವೆಲ್ಲ ಗಟ್ಟಿ ಅಂಗುಳಿನ ತೂತಿಗೆ ಸರಿ. ಗೋಡೆಗೆ ಬಿದ್ದ ತೂತನ್ನು ಮುಚ್ಚಿದಂತೆ. ಮೃದು ಅಂಗುಳು ಗೋಡೆಯಲ್ಲ, ಬಾಗಿಲು. ಅದನ್ನು ಕಾಯಂ ಮುಚ್ಚಿದರೆ ಮೂಗಿನಲ್ಲಿ ಉಸಿರಾಡಲಾಗದು, ನ, ಮ ಹೇಳಲಾಗದು. ಅಲ್ಲಾಡುವ ಒಂದು ಅಂಗಕ್ಕೆ ಬದಲಿ ಮಾಡುವುದು ಹೇಗೆ? ಮುಂದಿನ ನೂರು ವರ್ಷ ಈ ಪ್ರಶ್ನೆಯ ಸುತ್ತಲೇ ಹೋಯಿತು.

ಸೂಜಿದಾರ ಹಿಡಿದವರು, ರಬ್ಬರ್ ಹಿಡಿದವರು

ಒಂದು ಗುಂಪು ಹೊಲಿಗೆಯ ಕಡೆ ಹೋಯಿತು. 1816ರಲ್ಲಿ ಬರ್ಲಿನ್ನಿನಲ್ಲಿ ಕಾರ್ಲ್ ಫರ್ಡಿನಾಂಡ್ ಫಾನ್ ಗ್ರೇಫ ಸೀಳಿದ ಮೃದು ಅಂಗುಳನ್ನು ಹೊಲಿದರು. 1819ರಲ್ಲಿ ಪ್ಯಾರಿಸ್ಸಿನಲ್ಲಿ ಫಿಲಿಬೇರ್ ರೂ ಅದೇ ಕೆಲಸ ಮಾಡಿದರು. ರೂ ಅವರ ರೋಗಿ ಒಬ್ಬ ವೈದ್ಯ ವಿದ್ಯಾರ್ಥಿ, ಮಾಂಟ್ರಿಯಲ್‌ನ ಜಾನ್ ಸ್ಟೀಫನ್‌ಸನ್. ಅರಿವಳಿಕೆ ಬರಲು ಇನ್ನೂ 27 ವರ್ಷ ಬಾಕಿ ಇದ್ದ ಕಾಲ. ಎಚ್ಚರವಿದ್ದ ಮನುಷ್ಯ ಬಾಯಿ ತೆರೆದು ಕೂತು ಗಂಟಲ ಹತ್ತಿರ ಸೂಜಿ ಹಾಕಿಸಿಕೊಳ್ಳಬೇಕಿತ್ತು. ಸ್ಟೀಫನ್‌ಸನ್ ಹಾಕಿಸಿಕೊಂಡರು, ಮಾತು ಸುಧಾರಿಸಿತು. ಮರುವರ್ಷ ಎಡಿನ್‌ಬರ್ಗ್‌ನಲ್ಲಿ ತಮಗಾದ ಶಸ್ತ್ರಚಿಕಿತ್ಸೆಯ ಮೇಲೆಯೇ ಲ್ಯಾಟಿನ್ನಿನಲ್ಲಿ ಪ್ರಬಂಧ ಬರೆದು ಪದವಿ ಪಡೆದರು. ಊರಿಗೆ ಮರಳಿ ಸಂಗಡಿಗರೊಂದಿಗೆ ವೈದ್ಯ ಶಾಲೆ ಕಟ್ಟಿದರು. ಅದೇ ಮುಂದೆ ಮೆಕ್‌ಗಿಲ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗವಾಯಿತು. ಮೂಗಿನಲ್ಲಿ ಮಾತಾಡುವ ಹುಡುಗನಾಗಿ ಹೊರಟವರು ಪಾಠ ಹೇಳುವ ಮೇಷ್ಟ್ರಾಗಿ ನಿಂತರು.

ಎಲ್ಲರಿಗೂ ಹೊಲಿಗೆ ಫಲಿಸುತ್ತಿರಲಿಲ್ಲ. ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ಕೂಡಿದರೂ ಅಂಗುಳು ಗಿಡ್ಡವಾಗಿ ಗಂಟಲ ಗೋಡೆ ಮುಟ್ಟುತ್ತಿರಲಿಲ್ಲ. ಅಂಥವರಿಗಾಗಿ ಇನ್ನೊಂದು ಗುಂಪು ರಬ್ಬರ್ ಹಿಡಿಯಿತು. 1820ರಲ್ಲಿ ಫ್ರಾನ್ಸಿನ ಡೆಲಬಾರ್, ಅದೇ ದಶಕದಲ್ಲಿ ಲಂಡನ್ನಿನ ಜೇಮ್ಸ್ ಸ್ನೆಲ್ ಲೋಹದ ತಗಡಿನ ಹಿಂದೆ ರಬ್ಬರಿನ ಕೃತಕ ಮೃದು ಅಂಗುಳು ಜೋಡಿಸಿದರು. ಹಸಿ ರಬ್ಬರ್ ಶಾಖಕ್ಕೆ ಅಂಟಂಟಾಗುತ್ತದೆ, ಬೇಗ ಕೆಡುತ್ತದೆ. 1844ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಈ ಕಸುಬಿಗೆ ಜೀವ ಬಂತು. ಅಮೆರಿಕದ ವೈದ್ಯ ಸ್ಟರ್ನ್ಸ್ ಅದೇ ದಶಕದಲ್ಲಿ ಹದ ಮಾಡಿದ ರಬ್ಬರಿನಿಂದ ಅಂಗುಳು ಮಾಡಿದರು. ನ್ಯೂಯಾರ್ಕಿನ ನಾರ್ಮನ್ ಕಿಂಗ್ಸ್‌ಲಿ 1859ರಿಂದ ಅದನ್ನು ಇನ್ನೂ ನಾಜೂಕು ಮಾಡಿದರು. ಕಿಂಗ್ಸ್‌ಲಿ ದಂತವೈದ್ಯರಷ್ಟೇ ಅಲ್ಲ, ಶಿಲ್ಪಿಯೂ ಹೌದು. ಸೀಳಿದ ಅಂಗುಳಿನ ಎರಡೂ ಅಂಚು ಹಿಡಿದುಕೊಳ್ಳುವಂತೆ ಮೆತ್ತನೆಯ ರಬ್ಬರಿನ ಪರದೆ ಮಾಡಿ, ಅಳಿದುಳಿದ ಸ್ನಾಯು ಎದ್ದಾಗ ಪರದೆಯೂ ಏಳುವಂತೆ ಕೂರಿಸಿದರು.

ಮೆತ್ತನೆಯ ರಬ್ಬರ್ ಹದವಾಗಿದ್ದರೂ ಬಾಯಿಯಲ್ಲಿ ಬಹುಕಾಲ ಬಾಳುತ್ತಿರಲಿಲ್ಲ. ಮತ್ತೆ ಮತ್ತೆ ಹೊಸದು ಮಾಡಿಸಬೇಕು. ಇಲ್ಲಿಗೆ ಬರ್ಲಿನ್ನಿನ ದಂತವೈದ್ಯ ವಿಲ್ಹೆಲ್ಮ್ ಸ್ಯೂರ್ಸನ್ ಬಂದರು. ನನಗೆ ಈ ಇಡೀ ಇತಿಹಾಸದಲ್ಲಿ ಅತಿ ಜಾಣತನದ್ದು ಅನ್ನಿಸಿದ್ದು ಇವರ ಯೋಚನೆ. ಎಲ್ಲರೂ ಅಲ್ಲಾಡುವ ಅಂಗುಳು ಮಾಡಲು ಒದ್ದಾಡುತ್ತಿದ್ದರು. ಸ್ಯೂರ್ಸನ್ 1867ರಲ್ಲಿ, ಅಂಗುಳು ಅಲ್ಲಾಡಬೇಕಿಲ್ಲ ಅಂದರು. ಮಾತಾಡುವಾಗ ಗಂಟಲಿನ ಗೋಡೆಗಳು ತಾವೇ ಒಳಸರಿಯುತ್ತವೆ. ಅದೇ ದಶಕದಲ್ಲಿ ಫ್ರಾಂಕ್‌ಫರ್ಟಿನ ಗುಸ್ತಾವ್ ಪಸ್ಸಾವಾಂಟ್ ಅಂಗುಳು ಸೀಳಿದವರ ಗಂಟಲಿನ ಹಿಂಗೋಡೆಯಲ್ಲಿ ಮಾತಿನ ಹೊತ್ತಿಗೆ ಎದ್ದು ಬರುವ ದಿಬ್ಬವೊಂದನ್ನು ಗುರುತಿಸಿದ್ದರು. ಇಂದಿಗೂ ಅದಕ್ಕೆ ಅವರದೇ ಹೆಸರು. ಹಾಗಾದರೆ ನಡುವೆ ಒಂದು ಗಟ್ಟಿ ಗುಂಡು ಇಟ್ಟರೆ ಸಾಕು. ಮಾತಾಡುವಾಗ ಗೋಡೆಗಳು ಬಂದು ಗುಂಡನ್ನು ಅಪ್ಪಿಕೊಳ್ಳುತ್ತವೆ, ಬಾಗಿಲು ಮುಚ್ಚುತ್ತದೆ. ಸುಮ್ಮನಿದ್ದಾಗ ಹಿಂದೆ ಸರಿಯುತ್ತವೆ, ಉಸಿರಾಟಕ್ಕೆ ಜಾಗ ಸಿಗುತ್ತದೆ. ಬಾಗಿಲು ಗೋಡೆಯ ಹತ್ತಿರ ಹೋಗದಿದ್ದರೆ ಗೋಡೆಯೇ ಬಾಗಿಲ ಹತ್ತಿರ ಬರಲಿ. ಇಂದಿನ ಸ್ಪೀಚ್ ಬಲ್ಬ್ ಎಂಬ ಸಾಧನದ ತಾತ ಇದು.

ಅಧ್ಯಕ್ಷನ ಬಾಯಿ, ವರದಿಗಾರನ ಮಾನ

ಈಗ ನಮ್ಮ ಕಸುಬಿಗೆ ಸಂಬಂಧಪಟ್ಟ ಭಾಗ. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ನಮ್ಮ ಮೇಷ್ಟ್ರು ಇದನ್ನು ಸುದ್ದಿಮೂಲದ ಪಾಠವಾಗಿ ಹೇಳಿದ್ದರು. ಅದರೊಳಗೆ ರಬ್ಬರಿನ ಒಂದು ಸಾಧನ ಇದೆ ಅನ್ನುವುದು ಆಗ ನನ್ನ ತಲೆಗೆ ಹೋಗಿರಲಿಲ್ಲ.

1893ನೇ ಇಸವಿ. ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗುತ್ತಿದ್ದ ಕಾಲ. ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರ ಮೇಲಿನ ಎಡ ಅಂಗುಳಿನಲ್ಲಿ ಹುಣ್ಣು ಕಾಣಿಸಿತು. ಅಧ್ಯಕ್ಷರಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ಮಾರುಕಟ್ಟೆ ಇನ್ನಷ್ಟು ಕುಸಿಯುತ್ತದೆ ಎಂಬ ಭಯ. ಹಾಗಾಗಿ ಜುಲೈ 1ರಂದು ನ್ಯೂಯಾರ್ಕಿನ ಬಳಿ ಸಾಗುತ್ತಿದ್ದ ಒನೈಡಾ ಎಂಬ ಗೆಳೆಯರ ವಿಹಾರ ನೌಕೆಯಲ್ಲಿ ಗುಟ್ಟಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಮೀಸೆಗೂ ಕೆನ್ನೆಗೂ ಗಾಯ ಕಾಣದಂತೆ ಬಾಯಿಯೊಳಗಿಂದಲೇ ಎಡ ಮೇಲ್ದವಡೆಯ ದೊಡ್ಡ ಭಾಗ ತೆಗೆದರು. ಹೊರಗೆ ಹೇಳಿದ್ದು ಹಲ್ಲುನೋವು, ಸಂಧಿವಾತ ಎಂದು.

ಮುಖದ ಮೇಲೆ ಗಾಯವಿಲ್ಲ, ಸರಿ. ಮಾತು? ಬಾಯಿಗೂ ಮೂಗಿಗೂ ನಡುವೆ ಗೋಡೆಯೇ ಇಲ್ಲ. ಸಾಧನವಿಲ್ಲದೆ ಬಾಯಿ ತೆರೆದರೆ ಅಧ್ಯಕ್ಷರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ನ್ಯೂಯಾರ್ಕಿನ ದಂತವೈದ್ಯ ಕ್ಯಾಸನ್ ಗಿಬ್ಸನ್ ಹದ ಮಾಡಿದ ಗಟ್ಟಿ ರಬ್ಬರಿನಲ್ಲಿ ಕೃತಕ ಅಂಗುಳು ಮಾಡಿಕೊಟ್ಟರು. ಅದನ್ನು ಹಾಕಿಕೊಂಡ ಮೇಲೆ ದನಿ ಮೊದಲಿನಂತಾಯಿತು.

ಆಗಸ್ಟ್ 29ರಂದು ಫಿಲಡೆಲ್ಫಿಯಾ ಪ್ರೆಸ್ ಪತ್ರಿಕೆಯಲ್ಲಿ ಇ.ಜೆ. ಎಡ್ವರ್ಡ್ಸ್ ಎಂಬ ವರದಿಗಾರ, ಹಾಲೆಂಡ್ ಎಂಬ ತಮ್ಮ ಅಂಕಿತನಾಮದಲ್ಲಿ, ಇಡೀ ಸಂಗತಿ ಬರೆದರು. ಅವರಿಗೆ ಸುಳಿವು ಸಿಕ್ಕಿದ್ದು ನೌಕೆಯಲ್ಲಿ ಅರಿವಳಿಕೆ ಕೊಡಲು ಹೋಗಿದ್ದ ದಂತವೈದ್ಯರ ಮೂಲಕ. ವರದಿ ಅಕ್ಷರಶಃ ನಿಜವಾಗಿತ್ತು. ಆದರೆ ಅಧ್ಯಕ್ಷರ ಕಡೆಯವರು ಅಲ್ಲಗಳೆದರು, ಬೇರೆ ಪತ್ರಿಕೆಗಳು ಎಡ್ವರ್ಡ್ಸ್ ಸುಳ್ಳುಗಾರ ಎಂದವು. ಸೆಪ್ಟೆಂಬರ್ 5ರಂದು ಕ್ಲೀವ್‌ಲ್ಯಾಂಡ್ ವಾಷಿಂಗ್ಟನ್ನಿನ ವೈದ್ಯಕೀಯ ಸಮ್ಮೇಳನವೊಂದರಲ್ಲಿ ಎದ್ದು ನಿಂತು ಸ್ಪಷ್ಟವಾಗಿ ಭಾಷಣ ಮಾಡಿದರು. ಎದುರಿಗೆ ಕೂತವರೆಲ್ಲ ವೈದ್ಯರು! ಯಾರಿಗೂ ಅನುಮಾನ ಬರಲಿಲ್ಲ. ರಬ್ಬರಿನ ತುಂಡೊಂದು ವರದಿಗಾರನನ್ನು ಸೋಲಿಸಿತು.

24 ವರ್ಷ ಎಡ್ವರ್ಡ್ಸ್ ಆ ಕಳಂಕ ಹೊತ್ತು ಬದುಕಿದರು. ಕ್ಲೀವ್‌ಲ್ಯಾಂಡ್ 1908ರಲ್ಲಿ ತೀರಿಕೊಂಡರು. 1917ರಲ್ಲಿ ಶಸ್ತ್ರಚಿಕಿತ್ಸೆಯ ತಂಡದಲ್ಲಿದ್ದ ಡಾ. ವಿಲಿಯಂ ಕೀನ್ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್‌ನಲ್ಲಿ ಎಲ್ಲವನ್ನೂ ಬರೆದು ಎಡ್ವರ್ಡ್ಸ್ ಹೇಳಿದ್ದು ನಿಜ ಎಂದು ಒಪ್ಪಿದರು. ತೆಗೆದ ಗಡ್ಡೆ ಈಗ ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿದೆ.

ತರಗತಿಯಲ್ಲಿ ನಾವು ಎಡ್ವರ್ಡ್ಸ್ ಪರ ಮರುಗಿದ್ದೆವು. ಎಷ್ಟೋ ವರ್ಷದ ಮೇಲೆ ಮತ್ತೆ ಓದಿದಾಗ ನನಗೆ ಬೇರೆಯದೇ ಕಂಡಿತು. ಒಂದೇ ಬಗೆಯ ಮಾತಿನ ತೊಂದರೆ. ಒಬ್ಬನಿಗೆ ವಾರಗಳೊಳಗೆ ಸಾಧನ ಸಿಕ್ಕಿತು, ದೇಶಕ್ಕೆ ಗೊತ್ತೇ ಆಗಲಿಲ್ಲ. ಇನ್ನೊಬ್ಬರು ನೂರು ವರ್ಷಗಳ ನಂತರ ನಮ್ಮ ತಾಲೂಕಿನ ಶಾಮಿಯಾನದಡಿ ಮೈಕ್ ಹಿಡಿದು "ಮಾವಿ ಮತ್ತೈತ್ರಿ" ಅನ್ನುತ್ತಿದ್ದರು. ನಾನು ನೋಟ್‌ಬುಕ್ ತೆಗೆದು ನೋಡಿದ್ದು ಆಗ.

ಮಗಳು ಓದಿದ ಭಾಷಣ

ಸಾಧನ ಸಿಕ್ಕ ಮಾತ್ರಕ್ಕೆ ಎಲ್ಲ ಸಲೀಸು ಅಂದುಕೊಳ್ಳಬಾರದು. ಸಿಗ್ಮಂಡ್ ಫ್ರಾಯ್ಡ್ ಕಥೆ ಅದಕ್ಕೆ ಸಾಕ್ಷಿ. 1923ರಲ್ಲಿ ವಿಯೆನ್ನಾದಲ್ಲಿ ಹಾನ್ಸ್ ಪಿಖ್ಲರ್ ಎಂಬ ಶಸ್ತ್ರವೈದ್ಯ ಕ್ಯಾನ್ಸರ್ ತಗಲಿದ ಅವರ ಬಲ ಮೇಲ್ದವಡೆ ಮತ್ತು ಅಂಗುಳಿನ ದೊಡ್ಡ ಭಾಗ ತೆಗೆದರು. ಬಾಯಿಗೂ ಮೂಗಿಗೂ ನಡುವೆ ಹಾಕಿದ ಕೃತಕ ಅಂಗುಳನ್ನು ಮನೆಯವರು ರಾಕ್ಷಸ ಎಂದೇ ಕರೆಯುತ್ತಿದ್ದರು. ಬಿಗಿಯಾಗಿದ್ದರೆ ಹುಣ್ಣು, ಸಡಿಲವಾಗಿದ್ದರೆ ಮಾತು ಹೋಯಿತು. ಹಾಕುವುದು, ತೆಗೆಯುವುದು, ತೊಳೆಯುವುದು ಎಲ್ಲ ಸಂಕಟ. ಮಗಳು ಆನಾ ಪಕ್ಕದಲ್ಲಿದ್ದು ನೋಡಿಕೊಂಡರು. 16 ವರ್ಷಗಳಲ್ಲಿ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು.

ಮಾತಿನಿಂದಲೇ ಚಿಕಿತ್ಸೆ ಎಂದು ಜಗತ್ತಿಗೆ ಹೇಳಿದ ಮನುಷ್ಯ ಆಮೇಲೆ ಸಭೆಗಳಲ್ಲಿ ಮಾತಾಡುವುದನ್ನು ಬಿಟ್ಟರು. 1930ರಲ್ಲಿ ಫ್ರಾಂಕ್‌ಫರ್ಟ್ ನಗರ ಗಯಟೆ ಪ್ರಶಸ್ತಿ ಕೊಟ್ಟಾಗ ಹೋಗಿ ಭಾಷಣ ಓದಿದ್ದು ಆನಾ. 1938ರ ಡಿಸೆಂಬರಿನಲ್ಲಿ ಬಿಬಿಸಿ ಲಂಡನ್ನಿನ ಮನೆಯಲ್ಲಿ ಅವರ ದನಿ ದಾಖಲಿಸಿತು. ಅದು ಈಗಲೂ ಕೇಳಲು ಸಿಗುತ್ತದೆ. ಒಂದೊಂದು ಪದವನ್ನೂ ತಳ್ಳಿ ತಳ್ಳಿ ಹೊರಗೆ ತರುತ್ತಾರೆ. ಆದರೆ ಮಾತು ಪೂರ್ತಿ ಮಾಡುತ್ತಾರೆ.

ಇದ್ದೂ ಏಳದ ಅಂಗುಳಿಗೆ

1930ರ ದಶಕದ ಕೊನೆಗೆ ದಂತವೈದ್ಯಕ್ಕೆ ಅಕ್ರಿಲಿಕ್ ಬಂತು. ರಬ್ಬರಿಗಿಂತ ಹಗುರ, ಸ್ವಚ್ಛ, ಬೇಕಾದಲ್ಲಿ ಕೆರೆಯಬಹುದು, ಬೇಕಾದಲ್ಲಿ ಸೇರಿಸಬಹುದು. 1938ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಹರ್ಬರ್ಟ್ ಕೂಪರ್ ಎಂಬ ದಂತವೈದ್ಯ ಸೀಳು ಅಂಗುಳಿನವರಿಗಾಗಿ ಕ್ಲಿನಿಕ್ ತೆರೆದರು. ಶಸ್ತ್ರವೈದ್ಯ, ದಂತವೈದ್ಯ, ಮಾತಿನ ಚಿಕಿತ್ಸಕ ಎಲ್ಲರೂ ಒಂದೇ ಮಗುವನ್ನು ಒಟ್ಟಿಗೆ ನೋಡಬೇಕು ಎಂಬ ಪದ್ಧತಿ ಅಲ್ಲಿಂದ ಬೇರೂರಿತು.

ಅಷ್ಟರ ತನಕ ಎಲ್ಲರೂ ನೋಡಿದ್ದು ತೂತನ್ನು, ಸೀಳನ್ನು. ಅಂಗುಳು ಪೂರ್ತಿ ಇದ್ದು ಲಕ್ವ, ತಲೆಗೆ ಪೆಟ್ಟು, ಪೋಲಿಯೊ ಮುಂತಾದ ಕಾರಣದಿಂದ ಏಳದವರಿಗೆ? 1958ರಲ್ಲಿ ಅಮೆರಿಕದ ಗಿಬ್ಬನ್ಸ್ ಮತ್ತು ಬ್ಲೂಮರ್ ಹೊಸ ಸಾಧನ ವಿವರಿಸಿದರು. ಮೇಲಿನ ಹಲ್ಲುಗಳಿಗೆ ಕೊಕ್ಕೆಯಿಂದ ಕೂರುವ ಪ್ಲೇಟು. ಅದರ ಹಿಂದಕ್ಕೆ ಚಾಚಿದ ನಾಲಗೆಯಂಥ ಚಪ್ಪಟೆ ಭಾಗ. ಅದು ಜೋತುಬಿದ್ದ ಮೃದು ಅಂಗುಳನ್ನು ಕೆಳಗಿನಿಂದ ಎತ್ತಿ ಹಿಡಿಯುತ್ತದೆ. ಗೊನೆ ತೂಗಿ ಬಾಗಿದ ಬಾಳೆಗಿಡಕ್ಕೆ ಕವೆಗೋಲು ಕೊಟ್ಟ ಹಾಗೆ. ಇದಕ್ಕೆ ಪ್ಯಾಲಟಲ್ ಲಿಫ್ಟ್ ಎನ್ನುತ್ತಾರೆ. 1970ರಲ್ಲಿ ಗೊನ್ಸಾಲೆಸ್ ಮತ್ತು ಆರನ್‌ಸನ್ ತಮ್ಮ ರೋಗಿಗಳ ಅನುಭವ ಪ್ರಕಟಿಸಿದ ಮೇಲೆ ಇದು ಇನ್ನಷ್ಟು ಕಡೆ ಬಳಕೆಗೆ ಬಂತು.

ಮೂರು ಸಾಧನಗಳ ವ್ಯತ್ಯಾಸ ಹೀಗೆ ನೆನಪಿಡಬಹುದು. ಗಟ್ಟಿ ಅಂಗುಳಿನ ತೂತಿಗೆ ಆಬ್ಟ್ಯುರೇಟರ್. ಮೃದು ಅಂಗುಳು ಗಿಡ್ಡವಿದ್ದರೆ, ಇಲ್ಲದಿದ್ದರೆ ಸ್ಪೀಚ್ ಬಲ್ಬ್. ಉದ್ದ ಸಾಕಷ್ಟಿದ್ದೂ ಏಳದಿದ್ದರೆ ಲಿಫ್ಟ್.

ಮಾಡುವ ಕ್ರಮದಲ್ಲಿ ಆತುರ ನಡೆಯುವುದಿಲ್ಲ. ಮೊದಲು ಬಾಯಿಯ ಅಚ್ಚು ತೆಗೆದು ಬರೀ ಪ್ಲೇಟು ಕೊಡುತ್ತಾರೆ. ಅದು ಒಗ್ಗಿದ ಮೇಲೆ ಹಿಂದಿನ ಬಾಲ. ಕೊನೆಗೆ ಗುಂಡು, ಅದೂ ಸ್ವಲ್ಪ ಸ್ವಲ್ಪ ಸೇರಿಸುತ್ತ. ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ಅಥವಾ ಎಕ್ಸ್‌ರೇ ವಿಡಿಯೊದಲ್ಲಿ ನೋಡಿ ಗೋಡೆ ಎಲ್ಲಿ ಮುಟ್ಟುತ್ತದೆ ಎಂದು ಅಳೆಯುತ್ತಾರೆ. ಸರಳ ಪರೀಕ್ಷೆಯೂ ಇದೆ: ಮೂಗಿನ ಕೆಳಗೆ ತಣ್ಣನೆಯ ಕನ್ನಡಿ ಹಿಡಿದು "ಪಾಪ", "ಬಾಬಾ" ಹೇಳಿಸುವುದು. ಕನ್ನಡಿ ಮಂಜಾದರೆ ಗಾಳಿ ಸೋರುತ್ತಿದೆ.

ಮೊದಮೊದಲು ವಾಕರಿಕೆ ಬರುತ್ತದೆ. ಕೊಕ್ಕೆ ಹಿಡಿಯಲು ಗಟ್ಟಿ ಹಲ್ಲು ಬೇಕು. ಬೆಳೆಯುವ ಮಕ್ಕಳಿಗೆ ಮತ್ತೆ ಮತ್ತೆ ಹೊಸದು ಮಾಡಬೇಕು. ಗುಂಡು ದಪ್ಪವಾದರೆ ಮೂಗು ಕಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯ, ಸಾಧನ ಗಾಳಿಯನ್ನು ತಡೆಯುತ್ತದೆ, ಅಕ್ಷರ ಕಲಿಸುವುದಿಲ್ಲ. ವರ್ಷಗಟ್ಟಲೆ ಗಂಟಲಲ್ಲಿ ಮಾತಾಡಿದ ನಾಲಗೆಗೆ ಪ, ತ, ಕ ಎಲ್ಲಿ ಹುಟ್ಟುತ್ತವೆ ಎಂದು ಮಾತಿನ ಚಿಕಿತ್ಸಕರು ಹೊಸದಾಗಿ ಹೇಳಿಕೊಡಬೇಕು. ಚಿಕ್ಕ ವಯಸ್ಸಿನಲ್ಲೇ ಒಳ್ಳೆಯ ಶಸ್ತ್ರಚಿಕಿತ್ಸೆ ಆದರೆ ಎಷ್ಟೋ ಮಕ್ಕಳಿಗೆ ಸಾಧನವೇ ಬೇಡ. ಅದು ಫಲಿಸದವರಿಗೆ, ತಡವಾಗಿ ಬಂದವರಿಗೆ, ಶಸ್ತ್ರಚಿಕಿತ್ಸೆ ತಡೆಯದವರಿಗೆ ಇದು ದಾರಿ.

ನಮ್ಮ ಕಡೆ

ನಮ್ಮ ರಾಜ್ಯದ ಮಟ್ಟಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೊಡ್ಡ ಆಸರೆ. 1965ರಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ಸೀಳು ಅಂಗುಳು ಮತ್ತು ಮುಖದ ರಚನೆಯ ತೊಂದರೆ ಇರುವವರಿಗೇ ಪ್ರತ್ಯೇಕ ಘಟಕವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದಲ್ಲಿ ಸೀಳುತುಟಿ, ಸೀಳು ಅಂಗುಳಿನ ಶಸ್ತ್ರಚಿಕಿತ್ಸೆ ಸಿಗುತ್ತದೆ. ಸ್ಮೈಲ್ ಟ್ರೈನ್‌ನಂಥ ಸಂಸ್ಥೆಗಳ ನೆರವಿನಿಂದ ದೇಶದಲ್ಲಿ ಈ ಶಸ್ತ್ರಚಿಕಿತ್ಸೆ ಉಚಿತವಾಗಿ ನಡೆಯುತ್ತದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುವಾಗ ಹುಡುಕಬೇಕಾದ ತೊಂದರೆಗಳ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳು ಸೇರಿವೆ.

ಹೊಲಿಗೆಯ ಮಟ್ಟಿಗೆ ಸುದ್ದಿ ಹಳ್ಳಿ ತಲುಪಿದೆ. ಆದರೆ ಹೊಲಿದ ಮೇಲೂ ಮೂಗಿನಲ್ಲೇ ಮಾತಾಡುವ ಮಗುವಿಗೆ ಮುಂದೇನು ಎಂಬುದು ತಲುಪಿಲ್ಲ. ಆಪರೇಷನ್ ಆಯಿತಲ್ಲ, ಇನ್ನು ಅದರ ಹಣೆಬರಹ ಅನ್ನುತ್ತಾರೆ. ಗ್ರಹಣದ ಹೊತ್ತಿಗೆ ಬಸುರಿ ಹೊರಗೆ ಬಂದಳು ಅನ್ನುವ ದೂರು ಇವತ್ತಿಗೂ ತಾಯಿಯ ತಲೆಗೇ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಾತು ಮತ್ತು ಭಾಷೆಯ ವೈಕಲ್ಯವೂ ಒಂದು. ಅದರ ವ್ಯಾಖ್ಯೆಯಲ್ಲಿ ಉದಾಹರಣೆಯಾಗಿ ಹೆಸರಿಸಿರುವುದು ಧ್ವನಿಪೆಟ್ಟಿಗೆ ತೆಗೆಸಿಕೊಂಡವರನ್ನು ಮತ್ತು ಮೆದುಳಿನ ಪೆಟ್ಟಿನಿಂದ ಭಾಷೆ ಕಳೆದುಕೊಂಡವರನ್ನು. ಅಂಗುಳಿನ ಹೆಸರಿಲ್ಲ. "ಮುಂತಾದ" ಎಂಬ ಪದದೊಳಗೆ ಇವರು ಜಾಗ ಹುಡುಕಿಕೊಳ್ಳಬೇಕು. ನನ್ನ ವರದಿಯ "ಇತರರೂ" ಹಾಗೆಯೇ ಇದೂ.

ಹೋದ ವರ್ಷ ಆ ಊರಿಗೆ ಹೋಗಿದ್ದೆ. ಅವರಿಗೆ ಈಗ ಅರವತ್ತು ದಾಟಿದೆ. ಕಟ್ಟೆಯ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಿಕೊಂಡೆ. ಮೊದಲ ಹತ್ತು ನಿಮಿಷ ಅವರ ಹೆಂಡತಿ ಪ್ರತಿ ಮಾತನ್ನೂ ತಿರುಗಿ ಹೇಳುತ್ತಿದ್ದರು. ಅವತ್ತಿನ ಸಭೆಗೂ ಅವರು ಬಂದಿದ್ದರಂತೆ, ಹೆಂಗಸರ ಸಾಲಿನಲ್ಲಿ ಕೂತಿದ್ದರಂತೆ. ನಾನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅರ್ಧ ಗಂಟೆಯಾಗುವ ಹೊತ್ತಿಗೆ ಹೆಂಡತಿ ಚಹಾ ಮಾಡಲು ಒಳಗೆ ಹೋದರು. ನನಗೆ ಅವರ ಮಾತು ತಿಳಿಯತೊಡಗಿತ್ತು. ಅವರ ಮಾತು ಬದಲಾಗಿರಲಿಲ್ಲ, ನನ್ನ ಕಿವಿ ಹದಕ್ಕೆ ಬಂದಿತ್ತು.

"ಕಾಕಾ, ಮೈಸೂರಾಗ ಒಂದು ಸಂಸ್ಥೆ ಐತ್ರಿ, ಬಾಯಾಗ ಪ್ಲೇಟ್ ಮಾಡಿ ಹಾಕ್ತಾರ" ಅಂದೆ. ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಬಾಯಿ ತೆರೆದು ತೋರಿಸಿದರು. ಮೇಲಿನ ಸಾಲಿನಲ್ಲಿ ನಾಲ್ಕೇ ಹಲ್ಲು ಉಳಿದಿದ್ದವು. "ಕೊಕ್ಕೆ ಎಲ್ಲಿ ಹಾಕ್ತಾರ ತಮ್ಮಾ?" ಅಂತ ನಕ್ಕರು. ಹಲ್ಲಿಲ್ಲದವರಿಗೂ ಬೇರೆ ದಾರಿ ಇರುತ್ತದೆ, ಒಮ್ಮೆ ತೋರಿಸೋಣ ಎಂದೆ. ನೋಡೋಣ ಅಂದರು. ಹೋಗುತ್ತಾರೋ ಇಲ್ಲವೋ ನನಗೆ ಖಾತ್ರಿ ಇಲ್ಲ.

ಹೊರಡುವಾಗ ಅವರು ಹೇಳಿದ್ದನ್ನು ಈ ಸಲ ಯಾರ ಸಹಾಯವೂ ಇಲ್ಲದೆ ಬರೆದುಕೊಂಡೆ: "ನನ್ನ ಬಾಯಿದು ಆಮ್ಯಾಲ ನೋಡೂಣು. ಬಾವಿದು ಬರಿ. ಇನ್ನೂ ನೀರು ಬಂದಿಲ್ಲ."

ಬರೆದೆ. ಒಳಪುಟದಲ್ಲಿ, ನಾಲ್ಕು ಸಾಲು, ಅವರ ಹೆಸರು ಸಮೇತ ಬಂತು.